ಕೆಂಪು ಗೆರೆಯೊಳಗಿನ ಬೀದಿಗಳಿಗೆ ಸರ್ಕಾರದ ಹಣ: ತಲುಪಬೇಕಾದ್ದು ಜಾಗಕ್ಕೋ, ಜನಕ್ಕೋ?

ಅಮೆರಿಕದ ಡೆಟ್ರಾಯಿಟ್ ನಗರದ ಉತ್ತರದ ಅಂಚಿನಲ್ಲಿ, ಎಯ್ಟ್ ಮೈಲ್ ರಸ್ತೆಯಿಂದ ಶುರುವಾಗಿ ದಕ್ಷಿಣಕ್ಕೆ, ಮನೆಗಳ ಹಿತ್ತಿಲುಗಳ ನಡುವೆ ಒಂದು ಕಾಂಕ್ರೀಟ್ ಗೋಡೆ ಹಾದುಹೋಗಿದೆ. ಎತ್ತರ ಆರಡಿ, ಉದ್ದ ಸುಮಾರು 800 ಮೀಟರ್. ಯಾರನ್ನೂ ತಡೆಯುವಷ್ಟು ಶಕ್ತಿ ಅದಕ್ಕಿಲ್ಲ. ತುದಿಯವರೆಗೆ ನಡೆದು ಸುತ್ತಿಕೊಂಡು ಬಂದರೆ ಆಚೆ ಬದಿಗೆ ತಲುಪಬಹುದು. ಆದರೂ 1941ರಲ್ಲಿ ಒಬ್ಬ ಬಿಲ್ಡರ್ ಕೈಯಿಂದ ದುಡ್ಡು ಹಾಕಿ ಅದನ್ನು ಕಟ್ಟಿಸಿದ.

ಅವನು ಅಲ್ಲಿ ಬಿಳಿಯರಿಗಾಗಿ ಹೊಸ ಬಡಾವಣೆ ಮಾಡಲು ಹೊರಟಿದ್ದ. ಮನೆ ಕೊಳ್ಳುವವರಿಗೆ ಸಾಲ ಸಿಗಬೇಕಾದರೆ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಚ್‌ಎ ಎಂಬ ಸರ್ಕಾರಿ ಸಂಸ್ಥೆ ಖಾತರಿ ನಿಲ್ಲಬೇಕಿತ್ತು. ಸಂಸ್ಥೆ ಒಪ್ಪಲಿಲ್ಲ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆ ಎಂಬುದು ಅದರ ತಕರಾರು. ನಡುವೆ ಗೋಡೆ ಎದ್ದಿತು, ಖಾತರಿಯೂ ಸಿಕ್ಕಿತು. ಈಚೆಯ ಮನೆಗೆ ಸಾಲ, ಆಚೆಯ ಮನೆಗೆ ಇಲ್ಲ. ಎರಡರ ನಡುವೆ ಇದ್ದದ್ದು ಒಂದು ಹಿತ್ತಿಲು ಮತ್ತು ಆ ಗೋಡೆ.

ಈ ಗೋಡೆ ಇನ್ನೂ ನಿಂತಿದೆ. ಅದರ ಒಂದು ಭಾಗ ಮಕ್ಕಳ ಆಟದ ಮೈದಾನಕ್ಕೆ ಮುಖಮಾಡಿದೆ. 2006ರಲ್ಲಿ ಆ ಭಾಗದ ಮೇಲೆ ಬಣ್ಣದ ಚಿತ್ರಗಳನ್ನು ಬಿಡಿಸಲಾಯಿತು. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ ಹತ್ತುತ್ತಿರುವ ಚಿತ್ರವೂ ಅಲ್ಲಿದೆ.

ಸರ್ಕಾರವೇ ಕೈಯಾರೆ ಕೆಡಿಸಿದ ಇಂಥ ಬೀದಿಗಳಿಗೆ ಸರ್ಕಾರದ ಹಣ ಹಿಂದಿರುಗಬೇಕೆಂಬ ಮಾತು ಅಮೆರಿಕದಲ್ಲಿ ಕೆಲವು ವರ್ಷಗಳಿಂದ ಗಟ್ಟಿಯಾಗಿ ಕೇಳುತ್ತಿದೆ. ಕೇಳಿದ ಕೂಡಲೇ ನ್ಯಾಯವೆನಿಸುವ ಮಾತು. ಜಾರಿಗೆ ತರಲು ಕುಳಿತರೆ ಮಾತ್ರ ಹೆಜ್ಜೆಹೆಜ್ಜೆಗೂ ತೊಡಕು. ಯಾವ ಬೀದಿಗೆ? ಈಗ ಅಲ್ಲಿರುವವರಿಗೋ, ಅಂದು ಅಲ್ಲಿಂದ ಎದ್ದುಹೋದವರಿಗೋ? ಹಣ ಸುರಿದ ಮೇಲೆ ಬಾಡಿಗೆ ಏರಿ ಬಡವರೇ ಜಾಗ ಖಾಲಿ ಮಾಡಬೇಕಾಗಿ ಬಂದರೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಹಾನಿ ಯಾವ ದಾರಿಯಲ್ಲಿ ನಡೆಯಿತೆಂಬುದನ್ನು ಮೊದಲು ನೋಡಬೇಕು.

1930ರ ದಶಕಕ್ಕೆ ಮೊದಲು ಅಮೆರಿಕದಲ್ಲಿ ಸಾಮಾನ್ಯ ಸಂಬಳದವರಿಗೆ ಸ್ವಂತ ಮನೆ ಸುಲಭವಾಗಿರಲಿಲ್ಲ. ಬೆಲೆಯ ಅರ್ಧದಷ್ಟನ್ನು ಮುಂಗಡವಾಗಿ ಕೊಟ್ಟು, ಉಳಿದದ್ದನ್ನು ಐದಾರು ವರ್ಷಗಳಲ್ಲಿ ತೀರಿಸಬೇಕಾಗುತ್ತಿತ್ತು. 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ ಈ ಲೆಕ್ಕವನ್ನೇ ಬದಲಿಸಿತು. ಸಾಲಗಾರ ಕಂತು ಕಟ್ಟದೆ ಕೈಚೆಲ್ಲಿದರೆ ಬ್ಯಾಂಕಿನ ನಷ್ಟವನ್ನು ತಾನು ತುಂಬಿಕೊಡುವುದಾಗಿ ಅದು ಮಾತು ಕೊಟ್ಟಿತು. ಅಪಾಯ ಕಳೆದ ಮೇಲೆ ಬ್ಯಾಂಕುಗಳು ಕಡಿಮೆ ಮುಂಗಡಕ್ಕೆ, ಇಪ್ಪತ್ತು ವರ್ಷದ ಅವಧಿಗೆ, ಮುಂದೆ ಮೂವತ್ತು ವರ್ಷಕ್ಕೂ ಸಾಲ ಕೊಡತೊಡಗಿದವು. ಕಾರ್ಖಾನೆಯ ಕೂಲಿಯವನೂ ಮನೆಯೊಡೆಯನಾಗುವ ಬಾಗಿಲು ತೆರೆಯಿತು.

ಆ ಬಾಗಿಲಿಗೆ ಒಂದು ಷರತ್ತಿತ್ತು. ಬೇರೆ ಬೇರೆ ಜನಾಂಗದವರು ಕೂಡಿ ಬಾಳುವ ಕಡೆ ಮನೆಗಳ ಬೆಲೆ ಬೀಳುತ್ತದೆಂದು ಎಫ್‌ಎಚ್‌ಎಯ ಕೈಪಿಡಿ ತನ್ನ ಮೌಲ್ಯಮಾಪಕರಿಗೆ ಕಲಿಸುತ್ತಿತ್ತು. ಬಿಳಿಯರಲ್ಲದವರಿಗೆ ಮಾರಕೂಡದೆಂಬ ಕರಾರನ್ನು ಕ್ರಯಪತ್ರದಲ್ಲೇ ಸೇರಿಸುವುದು ಒಳ್ಳೆಯದೆಂದೂ ಅದು ಸಲಹೆ ಮಾಡಿತ್ತು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಬರಹ ಮಾತ್ರ ಪತ್ರಗಳಲ್ಲಿ ಹಾಗೇ ಉಳಿಯಿತು. ಸಿಯಾಟಲ್ ಸುತ್ತಮುತ್ತಲಿನ ಎಷ್ಟೋ ಹಳೆಯ ಕ್ರಯಪತ್ರಗಳಲ್ಲಿ ಏಷ್ಯಾದವರನ್ನೂ ಹೆಸರಿಸಿ ಹೊರಗಿಟ್ಟಿದ್ದಾರೆ. ಇಂದು ಅಲ್ಲಿ ನೆಲೆಸಿರುವ ಕನ್ನಡಿಗರು ಹಳೆಯ ಬಡಾವಣೆಯಲ್ಲಿ ಮನೆ ಕೊಂಡರೆ, ತಮ್ಮಂಥವರು ಇಲ್ಲಿ ವಾಸಿಸಕೂಡದೆಂಬ ಸಾಲು ಕಾಗದಪತ್ರಗಳ ನಡುವೆ ಅವರ ಕಣ್ಣಿಗೂ ಬೀಳಬಹುದು.

ಇನ್ನು ಬಣ್ಣದ ನಕ್ಷೆಗಳ ವಿಷಯ. ಮುಳುಗುತ್ತಿದ್ದ ಗೃಹಸಾಲಗಳನ್ನು ಉಳಿಸಲೆಂದು 1933ರಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ ಹುಟ್ಟಿತ್ತು. ಹೆಸರು ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್. 1935ರಿಂದ 1940ರ ನಡುವೆ ಅದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು. ಸಾಲಕ್ಕೆ ಅತ್ಯುತ್ತಮವೆನಿಸಿದ ಪ್ರದೇಶಕ್ಕೆ ಹಸಿರು, ಅದರ ಕೆಳಗಿನದಕ್ಕೆ ನೀಲಿ, ಇಳಿಮುಖದ್ದಕ್ಕೆ ಹಳದಿ, ಅಪಾಯವೆಂದು ಕಂಡದ್ದಕ್ಕೆ ಕೆಂಪು. ಒಂದು ಪ್ರದೇಶಕ್ಕೆ ಪ್ರದೇಶವನ್ನೇ ಸಾಲದಿಂದ ಹೊರಗಿಡುವುದಕ್ಕೆ ರೆಡ್‌ಲೈನಿಂಗ್, ಅಂದರೆ ಕೆಂಪು ಗೆರೆ ಎಳೆಯುವುದು, ಎನ್ನುತ್ತಾರೆ. ಆ ಮಾತಿನೊಂದಿಗೆ ಇಂದು ಎಲ್ಲರ ಕಣ್ಣ ಮುಂದೆ ಬರುವುದು ಈ ನಕ್ಷೆಗಳೇ.

ಇಲ್ಲೊಂದು ಎಚ್ಚರ ಬೇಕು. ಈ ನಕ್ಷೆಗಳು ಬರುವ ಹೊತ್ತಿಗೆ ಆ ಸಂಸ್ಥೆ ತನ್ನ ಸಾಲಗಳಲ್ಲಿ ಹೆಚ್ಚಿನವನ್ನು ಕೊಟ್ಟು ಮುಗಿಸಿತ್ತು. ಕೆಂಪು ಪ್ರದೇಶಗಳಿಗೂ ಕೊಟ್ಟಿತ್ತು. ಬಾಗಿಲು ಮುಚ್ಚುವ ಕೆಲಸದಲ್ಲಿ ದೊಡ್ಡ ಪಾಲು ಎಫ್‌ಎಚ್‌ಎಯದು ಎಂದು ಹಲವು ಆರ್ಥಿಕ ಇತಿಹಾಸಕಾರರು ಹೇಳುತ್ತಾರೆ. ಇನ್ನೊಂದು ಸಂಗತಿ: ಕಪ್ಪು ಜನರ ಕೇರಿಗಳು ಬಹುತೇಕ ಎಲ್ಲವೂ ಕೆಂಪಿನೊಳಗಿದ್ದವು ನಿಜ, ಆದರೆ ಕೆಂಪಿನೊಳಗೆ ಇದ್ದವರಲ್ಲಿ ಹೆಚ್ಚಿನವರು ಬಡ ಬಿಳಿಯರು ಮತ್ತು ಹೊಸದಾಗಿ ವಲಸೆ ಬಂದವರು. ಇದು ವಿದ್ವಾಂಸರ ಕೂದಲು ಸೀಳುವ ಜಗಳವೆಂದು ತಳ್ಳಿಹಾಕುವಂತಿಲ್ಲ. 1930ರ ದಶಕದ ನಕ್ಷೆಯೊಂದನ್ನೇ ಹಿಡಿದು ಇವತ್ತು ಹಣ ಹಂಚಲು ಹೊರಟರೆ ಗುರಿ ಎಲ್ಲಿ ತಪ್ಪುತ್ತದೆಂಬುದು ಇದರಲ್ಲೇ ಕಾಣುತ್ತದೆ.

ಸಾಲ ನಿಂತ ಕೇರಿಯಲ್ಲಿ ಮುಂದೆ ಏನಾಯಿತು? ಬ್ಯಾಂಕು ಬಾರದ ಕಡೆಗೆ ಬೇರೆ ಬಗೆಯ ವ್ಯಾಪಾರಿಗಳು ಬಂದರು. ಷಿಕಾಗೋದಲ್ಲಿ ದಲ್ಲಾಳಿಗಳು ಕಡಿಮೆ ಬೆಲೆಗೆ ಮನೆ ಕೊಂಡು, ಕಪ್ಪು ಕುಟುಂಬಗಳಿಗೆ ದುಪ್ಪಟ್ಟು ಬೆಲೆಗೆ ಕಂತಿನ ಕರಾರಿನ ಮೇಲೆ ಮಾರಿದರು. ಕೊನೆಯ ಕಂತು ಕಟ್ಟುವ ದಿನದವರೆಗೆ ಮನೆ ಮಾರಿದವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೆ ಅಲ್ಲಿಯವರೆಗೆ ಕಟ್ಟಿದ ಹಣವೆಲ್ಲ ಮುಳುಗಿ, ಸಾಮಾನು ಬೀದಿಗೆ. ಅದೇ ಮನೆಯನ್ನು ಮುಂದಿನ ಕುಟುಂಬಕ್ಕೆ ಮತ್ತೆ ಮಾರಾಟ. 1950 ಮತ್ತು 60ರ ದಶಕಗಳಲ್ಲಿ ಷಿಕಾಗೋದ ಕಪ್ಪು ಕುಟುಂಬಗಳು ಹೀಗೆ ಕಳೆದುಕೊಂಡದ್ದು ಇಂದಿನ ಬೆಲೆಯಲ್ಲಿ 300 ಕೋಟಿಯಿಂದ 400 ಕೋಟಿ ಡಾಲರ್ ಎಂದು ಡ್ಯೂಕ್ ವಿಶ್ವವಿದ್ಯಾಲಯದ 2019ರ ಅಧ್ಯಯನ ಅಂದಾಜು ಮಾಡಿದೆ.

ಅಮೆರಿಕದ ಶಾಲೆಗಳಿಗೆ ಹಣದ ದೊಡ್ಡ ಪಾಲು ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಮನೆಯ ಬೆಲೆ ಬಿದ್ದ ಕಡೆ ತೆರಿಗೆ ಕಡಿಮೆ; ತೆರಿಗೆ ಕಡಿಮೆಯಾದರೆ ಶಾಲೆಯೂ ಸೊರಗುತ್ತದೆ. ಬೀದಿಯ ಮರಗಳ ಕಥೆಯೂ ಇದೇ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 108 ನಗರಗಳ ಬೇಸಿಗೆಯ ನೆಲದ ತಾಪವನ್ನು ಅಳೆಯಿತು. ಒಂದು ಕಾಲಕ್ಕೆ ಕೆಂಪು ಬಳಿದ ಪ್ರದೇಶಗಳು ಉಳಿದವುಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿದ್ದವು. ನೆರಳಿನ ಮರ ಕಡಿಮೆ, ಡಾಂಬರು ಹೆಚ್ಚು. ಮರ ಬೆಳೆಯಲು ನಲವತ್ತು ವರ್ಷ ಬೇಕು. ಯಾವ ಬೀದಿಯಲ್ಲಿ ಮರ ನೆಡಬೇಕೆಂದು ಅಂದು ತೀರ್ಮಾನಿಸಿದವರ ಮನಸ್ಸನ್ನು ಇಂದಿನ ಉಪಗ್ರಹ ಓದಿ ಹೇಳುತ್ತಿದೆ.

ಮತ್ತೆ ಡೆಟ್ರಾಯಿಟ್‌ಗೆ ಬರೋಣ. ನಗರದ ನಡುವಿನ ಪಕ್ಕದಲ್ಲೇ ಬ್ಲ್ಯಾಕ್ ಬಾಟಮ್ ಎಂಬ ಕೇರಿ ಇತ್ತು. ಆ ಹೆಸರು ಜನರ ಮೈಬಣ್ಣದಿಂದ ಬಂದದ್ದೆಂದು ತಿಳಿಯುವವರೇ ಹೆಚ್ಚು. ನಿಜದಲ್ಲಿ ಅದು ಮಣ್ಣಿನ ಹೆಸರು. ಮೊದಲು ಬಂದ ಫ್ರೆಂಚ್ ರೈತರು ಅಲ್ಲಿನ ಫಲವತ್ತಾದ ಕರಿಮಣ್ಣನ್ನು ಕಂಡು ಹಾಗೆ ಕರೆದಿದ್ದರು. ಅದರ ನಡುವೆ ಹಾದುಹೋಗುತ್ತಿದ್ದ ಹೇಸ್ಟಿಂಗ್ಸ್ ಬೀದಿಯಲ್ಲಿ ಕಪ್ಪು ಜನರೇ ನಡೆಸುತ್ತಿದ್ದ ಅಂಗಡಿ, ಔಷಧದ ಮಳಿಗೆ, ಸಂಗೀತದ ಅಡ್ಡೆ, ಹೋಟೆಲುಗಳಿದ್ದವು. ಬೇರೆಲ್ಲೂ ಮನೆ ಸಿಗದ ಜನ ಒಂದೇ ಕಡೆ ಕಿಕ್ಕಿರಿದಿದ್ದರಿಂದ ಮನೆಗಳು ಹಳತಾಗಿ ಸೋರುತ್ತಿದ್ದದ್ದೂ ನಿಜ. ರಿಪೇರಿಗೆ ಸಾಲ ಕೊಡದ ಆಡಳಿತ, ರಿಪೇರಿಯಾಗಿಲ್ಲವೆಂಬ ಕಾರಣವೊಡ್ಡಿ ಆ ಇಡೀ ಕೇರಿಯನ್ನು ಕೊಳೆಗೇರಿಯೆಂದು ಸಾರಿ ಕೆಡವಿತು. ನೆಲಸಮ ಮಾಡಿದ ಜಾಗ ವರ್ಷಗಟ್ಟಲೆ ಕಳೆ ಬೆಳೆದು ಪಾಳುಬಿದ್ದಿತ್ತು. ಹೇಸ್ಟಿಂಗ್ಸ್ ಬೀದಿಯ ಮೇಲೆ ತಗ್ಗಿನ ಹೆದ್ದಾರಿಯೊಂದು ಬಂತು. 1964ರಲ್ಲಿ ಬಾಗಿಲು ತೆರೆದ ಆ ತುಂಡಿನ ಹೆಸರು ಇಂಟರ್‌ಸ್ಟೇಟ್ 375.

ಇದೇ ಕಥೆ ಸೇಂಟ್ ಪಾಲ್‌ನ ರಾಂಡೋದಲ್ಲಿ, ನ್ಯೂ ಆರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂನಲ್ಲಿ, ಸಿರಾಕ್ಯೂಸ್‌ನ ಹದಿನೈದನೇ ವಾರ್ಡಿನಲ್ಲಿ, ರಿಚ್ಮಂಡ್‌ನ ಜಾಕ್ಸನ್ ವಾರ್ಡಿನಲ್ಲಿ ನಡೆಯಿತು. ನೆಲದ ಬೆಲೆ ಕಡಿಮೆ ಇದ್ದ ಕಡೆ, ತಕರಾರು ಎತ್ತುವವರ ದನಿ ಕೇಳದ ಕಡೆ ಹೆದ್ದಾರಿಯ ಗೆರೆ ಎಳೆಯುವುದು ಸುಲಭ. ಬೆಲೆ ಕಡಿಮೆ ಮಾಡಿದ್ದು ಯಾರೆಂದು ಆಗ ಯಾರೂ ಕೇಳಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಮನೆ ಮಾರುವುದರಲ್ಲಿ ಮತ್ತು ಬಾಡಿಗೆಗೆ ಕೊಡುವುದರಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂತು. ಜನರಿಂದ ಠೇವಣಿ ಪಡೆಯುವ ಬ್ಯಾಂಕುಗಳು ಆ ಸುತ್ತಲಿನ ಬಡ ಬಡಾವಣೆಗಳ ಸಾಲದ ಅಗತ್ಯವನ್ನೂ ಪೂರೈಸಬೇಕೆಂದು 1977ರ ಕಾನೂನು ಹೇಳಿತು. ಇವೆರಡೂ ದೊಡ್ಡ ಹೆಜ್ಜೆಗಳೇ. ಆದರೆ ಮುಂದೆ ತಾರತಮ್ಯ ಮಾಡಬೇಡಿ ಎಂದ ಮಾತ್ರಕ್ಕೆ ಹಿಂದಿನ ಮೂವತ್ತು ವರ್ಷಗಳ ಗಂಟು ಕೈಗೆ ಬರುವುದಿಲ್ಲ. ಮನೆ ಎಂಬುದು ಬೆಳೆಯುವ ಆಸ್ತಿ: ಅಜ್ಜ ಕೊಂಡ ಮನೆಯ ಮೇಲೆ ಸಾಲ ಎತ್ತಿ ಅಪ್ಪ ಓದುತ್ತಾನೆ, ಅಪ್ಪ ಬಿಟ್ಟುಹೋದ ಮನೆಯ ಬಲದಿಂದ ಮಗಳು ಅಂಗಡಿ ತೆರೆಯುತ್ತಾಳೆ. ಅಜ್ಜನಿಗೇ ಸಾಲ ಸಿಗದಿದ್ದರೆ ಮುಂದಿನದ್ದೆಲ್ಲ ಶುರುವೇ ಆಗುವುದಿಲ್ಲ. 2022ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ನಡೆಸಿದ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು 44,900. ಈ ಅಂತರವೆಲ್ಲ ಮನೆಯೊಂದರಿಂದಲೇ ಬಂದದ್ದಲ್ಲ, ಆದರೆ ಮನೆಯಿಲ್ಲದೆ ಇದು ಅರ್ಥವಾಗುವುದಿಲ್ಲ.

ಹಾಗಾದರೆ ಹಣ ಹಿಂದಿರುಗಿಸುವುದು ಹೇಗೆ? ಮೊದಲ ದಾರಿ, ಜಾಗವನ್ನು ನೋಡಿ ಕೊಡುವುದು. ಮಿನಿಯಾಪೊಲಿಸ್ ನಗರ 2016ರಲ್ಲಿ ತನ್ನ ಬಡಾವಣೆಗಳ ಪಾರ್ಕುಗಳಿಗೆ ಇಪ್ಪತ್ತು ವರ್ಷಗಳ ಅನುದಾನವನ್ನು ಗೊತ್ತುಮಾಡಿತು. ಯಾವ ಪಾರ್ಕಿಗೆ ಮೊದಲು ಎಂಬುದನ್ನು ಅಂಕಗಳ ಪಟ್ಟಿಯೊಂದು ತೀರ್ಮಾನಿಸುತ್ತದೆ. ಸುತ್ತ ಬಡತನ ಎಷ್ಟು, ಬಿಳಿಯರಲ್ಲದ ಬಡ ಕುಟುಂಬಗಳು ಒತ್ತಾಗಿರುವ ಪ್ರದೇಶವೇ, ಮಕ್ಕಳ ಸಂಖ್ಯೆ ಎಷ್ಟು, ಕಟ್ಟಡ ಮತ್ತು ಆಟದ ಸಲಕರಣೆಗಳ ಸ್ಥಿತಿ ಹೇಗಿದೆ, ಕೊನೆಯ ಬಾರಿ ಹಣ ಬಂದು ಎಷ್ಟು ವರ್ಷವಾಯಿತು, ಇಂಥವು. ಯಾರ ದೂರು ಜೋರೋ ಅವರ ಪಾರ್ಕಿಗೆ ಹೊಸ ಜಾರುಬಂಡೆ ಎಂಬ ಪದ್ಧತಿಗೆ ಇದು ಕೊನೆ ಹಾಡುತ್ತದೆ. ಸಣ್ಣ ವಿಷಯವೆನಿಸಬಹುದು. ಅಂದು ಅಂಕ ಕೊಟ್ಟು ಬೀದಿಗಳನ್ನು ಹೊರಗಿಟ್ಟರು, ಇಂದು ಅಂಕ ಕೊಟ್ಟೇ ಒಳಗೆ ಕರೆಯುತ್ತಿದ್ದಾರೆ. ನನಗೆ ಇದು ಮನಸ್ಸಿಗೆ ಹಿಡಿಸಿದ ಕ್ರಮ.

ಜಾಗ ನೋಡಿ ಕೊಡುವುದರ ದೊಡ್ಡ ಅನುಕೂಲ ಕಾನೂನಿನದು. ಹಿಂದಿನ ತಾರತಮ್ಯಕ್ಕೆ ಪರಿಹಾರವೆಂದು ಜನಾಂಗದ ಆಧಾರದ ಮೇಲೆ ಸರ್ಕಾರಿ ಗುತ್ತಿಗೆ ಕಾದಿಟ್ಟಿದ್ದ ರಿಚ್ಮಂಡ್ ನಗರದ ನಿಯಮವನ್ನು ಸುಪ್ರೀಂ ಕೋರ್ಟ್ 1989ರಲ್ಲಿ ರದ್ದುಮಾಡಿತು. ಸಮಾಜದಲ್ಲಿ ಒಟ್ಟಾರೆ ಅನ್ಯಾಯ ನಡೆದಿತ್ತು ಎಂದರೆ ಸಾಲದು, ಯಾವ ಸಂಸ್ಥೆ ಯಾವ ಅನ್ಯಾಯ ಮಾಡಿತೆಂದು ತೋರಿಸಬೇಕು ಎಂಬುದು ಅದರ ನಿಲುವು. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು 2023ರಲ್ಲಿ ಅದೇ ನ್ಯಾಯಾಲಯ ತಡೆದ ಮೇಲೆ ಅಧಿಕಾರಿಗಳು ಇನ್ನಷ್ಟು ಹಿಂಜರಿಯುತ್ತಿದ್ದಾರೆ. ಜನಾಂಗದ ಹೆಸರೆತ್ತದೆ, ಬಡತನ, ತಾಪ, ಹೊಗೆ, ಹಳೆಯ ನಕ್ಷೆ ಎಂದು ಜಾಗದ ಲಕ್ಷಣಗಳನ್ನು ಹಿಡಿಯುವುದು ಈಗ ಸುರಕ್ಷಿತ ದಾರಿ.

ಆದರೆ ಜಾಗ ಅಲ್ಲೇ ಇರುತ್ತದೆ, ಜನ ಇರುವುದಿಲ್ಲ. ನ್ಯೂಯಾರ್ಕ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಅಂದು ಕೆಂಪಿನೊಳಗಿತ್ತು. ಇಂದು ಅಲ್ಲಿನ ಹಳೆಯ ಕಂದುಕಲ್ಲಿನ ಮನೆಗಳು ಹತ್ತು ಲಕ್ಷ ಡಾಲರ್ ದಾಟುತ್ತವೆ. ಹಳೆಯ ನಕ್ಷೆ ನೋಡಿ ಅಲ್ಲಿಗೆ ಹಣ ಕಳಿಸಿದರೆ ಅದು ಯಾರ ಮನೆ ಬಾಗಿಲಿಗೆ ಹೋಗುತ್ತದೆ?

ಎರಡನೆಯ ದಾರಿ, ನೇರವಾಗಿ ಜನರಿಗೇ ಕೊಡುವುದು. ಷಿಕಾಗೋಗೆ ಅಂಟಿಕೊಂಡಿರುವ ಇವಾನ್‌ಸ್ಟನ್ ಎಂಬ ಚಿಕ್ಕ ನಗರ ಈ ಧೈರ್ಯ ಮಾಡಿತು. ಗಾಂಜಾ ಮಾರಾಟದ ಮೇಲಿನ ತೆರಿಗೆಯಿಂದ ಒಂದು ಕೋಟಿ ಡಾಲರ್ ತೆಗೆದಿಡಲು 2019ರಲ್ಲಿ ತೀರ್ಮಾನಿಸಿತು. 1919ರಿಂದ 1969ರ ನಡುವೆ ಆ ಊರಿನಲ್ಲಿ ವಾಸವಿದ್ದ ಕಪ್ಪು ಜನರಿಗೆ ಅಥವಾ ಅವರ ನೇರ ವಂಶಸ್ಥರಿಗೆ ತಲಾ 25,000 ಡಾಲರ್. ಮೊದಲ 16 ಮಂದಿಯನ್ನು 2022ರ ಆರಂಭದಲ್ಲಿ ಚೀಟಿ ಎತ್ತಿ ಆರಿಸಿದರು. ಆಗ ನಿಯಮವೊಂದಿತ್ತು: ಹಣವನ್ನು ಮನೆ ಕೊಳ್ಳಲು, ರಿಪೇರಿಗೆ, ಇಲ್ಲವೇ ಗೃಹಸಾಲ ತೀರಿಸಲು ಮಾತ್ರ ಬಳಸಬೇಕು. ಮನೆಯನ್ನೇ ಕೊಳ್ಳಲಾಗದೆ ಜೀವನವಿಡೀ ಬಾಡಿಗೆ ಕಟ್ಟಿ ಮುಪ್ಪಾದವರು ಗೃಹಸಾಲ ಎಲ್ಲಿಂದ ತರಬೇಕು? ಅತಿ ಹೆಚ್ಚು ಏಟು ತಿಂದವರಿಗೇ ಪರಿಹಾರ ಉಪಯೋಗಕ್ಕೆ ಬರಲಿಲ್ಲ. 2023ರಲ್ಲಿ ನಿಯಮ ಸಡಿಲಿಸಿ ನಗದು ಕೊಡಲು ಒಪ್ಪಿದರು. ಮರುವರ್ಷ, ಜನಾಂಗದ ಆಧಾರದ ಮೇಲೆ ಹಣ ಕೊಡುವುದು ಸಂವಿಧಾನಕ್ಕೆ ವಿರುದ್ಧವೆಂದು ಮೊಕದ್ದಮೆ ಬಿತ್ತು.

ಇವೆರಡರ ನಡುವಿನ ದಾರಿಯೊಂದನ್ನು ಒರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹುಡುಕಿತು. ಅಲ್ಲಿನ ಆಲ್ಬೈನಾ ಪ್ರದೇಶದಲ್ಲಿ 1970ರ ಸುಮಾರಿಗೆ ಆಸ್ಪತ್ರೆಯ ವಿಸ್ತರಣೆಗೆಂದು ಕಪ್ಪು ಕುಟುಂಬಗಳ ನೂರಾರು ಮನೆ, ಅಂಗಡಿಗಳನ್ನು ಕೆಡವಿದರು. ಆಮೇಲೆ ಕೇಂದ್ರದ ಅನುದಾನ ನಿಂತುಹೋಗಿ ಜಾಗದ ಬಹುಭಾಗ ದಶಕಗಳ ಕಾಲ ಖಾಲಿ ಬಿದ್ದಿತು. ಈಗ ಅದೇ ಸುತ್ತಮುತ್ತ ನಗರಾಡಳಿತದ ನೆರವಿನಿಂದ ಕಡಿಮೆ ಬೆಲೆಯ ಮನೆಗಳು ಎದ್ದಾಗ, ಅರ್ಜಿಯಲ್ಲಿ ಒಂದು ಅಪರೂಪದ ಪ್ರಶ್ನೆ ಇರುತ್ತದೆ: ನೀವು, ನಿಮ್ಮ ತಂದೆತಾಯಿ, ನಿಮ್ಮ ಅಜ್ಜಅಜ್ಜಿ ಯಾವ ವಿಳಾಸದಲ್ಲಿದ್ದಿರಿ? ಆ ವಿಳಾಸ ಹಿಂದಿನ ಎತ್ತಂಗಡಿಯ ಪ್ರದೇಶದೊಳಗಿದ್ದರೆ ಸರದಿಯಲ್ಲಿ ಮುಂದಕ್ಕೆ ಬರಲು ಅಂಕ. ಮನೆಯನ್ನು ನಗರಾಡಳಿತವೇ ಸ್ವಾಧೀನಪಡಿಸಿಕೊಂಡಿದ್ದರೆ ಹೆಚ್ಚಿನ ಆದ್ಯತೆ. ಜನಾಂಗ ಯಾವುದೆಂದು ಕೇಳುವ ಅಗತ್ಯವೇ ಇಲ್ಲ. ಕೆಡವಿದ ಮನೆಯ ಬಾಗಿಲ ಸಂಖ್ಯೆ ಐವತ್ತು ವರ್ಷಗಳ ನಂತರ ಮೊಮ್ಮಗಳ ಕೈಯಲ್ಲಿ ದಾಖಲೆಯಾಗಿ ನಿಲ್ಲುತ್ತದೆ. ಎದ್ದುಹೋದವರ ವಂಶಸ್ಥರಲ್ಲಿ 26 ಮಂದಿ ಹೂಡಿದ್ದ ಮೊಕದ್ದಮೆಯನ್ನು ನಗರಾಡಳಿತ 2025ರಲ್ಲಿ 85 ಲಕ್ಷ ಡಾಲರ್ ಕೊಟ್ಟು ರಾಜಿಯಲ್ಲಿ ಮುಗಿಸಿತು.

ಕೇಂದ್ರ ಸರ್ಕಾರದ ಕಡೆಯಿಂದಲೂ ಹಣ ಬಂದಿತ್ತು. ಹೆದ್ದಾರಿಗಳು ಸೀಳಿದ ಬಡಾವಣೆಗಳನ್ನು ಮತ್ತೆ ಕೂಡಿಸಲೆಂದು 2021ರ ಮೂಲಸೌಕರ್ಯ ಕಾನೂನು 100 ಕೋಟಿ ಡಾಲರ್ ಕೊಟ್ಟರೆ, 2022ರ ಕಾನೂನು ಇನ್ನೂ 300 ಕೋಟಿಗೂ ಹೆಚ್ಚನ್ನು ಸೇರಿಸಿತು. ಹವಾಮಾನಕ್ಕೆ ಸಂಬಂಧಿಸಿದ ಹೂಡಿಕೆಗಳ ಪ್ರಯೋಜನದಲ್ಲಿ ಶೇಕಡ 40ರಷ್ಟು ಹಿಂದುಳಿದ ಬಡಾವಣೆಗಳಿಗೆ ಸಲ್ಲಬೇಕೆಂದು ಅಧ್ಯಕ್ಷ ಬೈಡನ್ ಆದೇಶ ಹೊರಡಿಸಿದರು. ಪದವನ್ನು ಗಮನಿಸಿ: ಹಣದ ಶೇಕಡ 40 ಅಲ್ಲ, ಪ್ರಯೋಜನದ ಶೇಕಡ 40. ಊರಾಚೆ ಹಾಕಿದ ಸೌರಫಲಕದ ಪ್ರಯೋಜನ ಯಾವ ಕೇರಿಗೆ ಎಷ್ಟೆಂದು ಅಳೆಯುವುದು ಹೇಗೆ? ಲೆಕ್ಕ ಗಟ್ಟಿಯಾಗುವ ಮೊದಲೇ, 2025ರ ಜನವರಿಯಲ್ಲಿ ಟ್ರಂಪ್ ಆಡಳಿತ ಆ ಆದೇಶವನ್ನು ರದ್ದುಮಾಡಿತು. ಹೆದ್ದಾರಿ ಸೀಳಿದ ಬಡಾವಣೆಗಳಿಗೆಂದು 2022ರಲ್ಲಿ ಕೊಟ್ಟಿದ್ದರಲ್ಲಿ ಗೊತ್ತುಪಡಿಸದೆ ಉಳಿದಿದ್ದ ಹಣವನ್ನು 2025ರ ಜುಲೈನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ವಾಪಸು ಪಡೆಯಿತು.

ಈ ಎಲ್ಲ ಪ್ರಯೋಗಗಳಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಟ್ಟದ್ದು ಹಳೆಯದೊಂದು. ಬಾಸ್ಟನ್‌ನ ಡಡ್ಲಿ ಬೀದಿಯ ಸುತ್ತ 1980ರ ದಶಕದಲ್ಲಿ ಸುಮಾರು 1,300 ಖಾಲಿ ನಿವೇಶನಗಳಿದ್ದವು. ಸುಟ್ಟುಹೋದ ಮನೆಗಳ ಜಾಗ, ಊರಿನವರೆಲ್ಲ ಕದ್ದುಮುಚ್ಚಿ ಕಸ ತಂದು ಸುರಿಯುವ ಜಾಗ. 1984ರಲ್ಲಿ ಅಲ್ಲಿನ ನಿವಾಸಿಗಳು ಸಂಘ ಕಟ್ಟಿದರು. 1988ರಲ್ಲಿ ಅವರು ಪಡೆದದ್ದು ಅದುವರೆಗೆ ಯಾವ ಬಡಾವಣೆಯ ಸಂಘಕ್ಕೂ ಸಿಗದ ಅಧಿಕಾರ: ತಮ್ಮ ಬಡಾವಣೆಯ ನಡುವಿನ ಸುಮಾರು 60 ಎಕರೆಯಲ್ಲಿ ಪಾಳುಬಿದ್ದ ಖಾಸಗಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರ. ಎಲ್ಲ ಕಡೆ ಇಂಥ ಜನರನ್ನು ಎಬ್ಬಿಸಲು ಬಳಸಿದ್ದ ಭೂಸ್ವಾಧೀನದ ಅಸ್ತ್ರ ಇಲ್ಲಿ ಅವರ ಕೈಗೇ ಬಂತು. ನೆಲವನ್ನು ಸಮುದಾಯದ ಟ್ರಸ್ಟಿನ ಹೆಸರಿಗೆ ಬರೆಸಿಕೊಂಡರು. ಮನೆ ಕೊಳ್ಳುವವರು ಕಟ್ಟಡವನ್ನು ಕೊಳ್ಳುತ್ತಾರೆ. ನೆಲ ದೀರ್ಘಾವಧಿಯ ಗುತ್ತಿಗೆಗೆ ಮಾತ್ರ. ಮಾರುವಾಗ ಬೆಲೆಗೊಂದು ಮಿತಿ ಇದೆ, ಆದ್ದರಿಂದ ಮುಂದಿನ ಬಡ ಕುಟುಂಬವೂ ಅದನ್ನು ಕೊಳ್ಳಬಹುದು. ಪಾರ್ಕು ಬಂದರೂ, ಬಸ್ಸು ಬಂದರೂ, ಸುತ್ತಲಿನ ಬೆಲೆ ಏರಿದರೂ ಆ ಮನೆಗಳವರು ಏಳಬೇಕಾಗಿಲ್ಲ.

ಇಲ್ಲಿನ ಕ್ರಮವನ್ನು ನೋಡಬೇಕು. ಮೊದಲು ನೆಲ ನಿವಾಸಿಗಳ ಕೈಗೆ, ಆಮೇಲೆ ಹೂಡಿಕೆ. ಬೇರೆ ಎಷ್ಟೋ ಕಡೆ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಹಣ ಬರುತ್ತದೆ, ಹಿಂದೆಯೇ ಬೆಲೆ ಏರುತ್ತದೆ, ಬಾಡಿಗೆದಾರರು ಊರಾಚೆ ಸರಿಯುತ್ತಾರೆ, ಅವರನ್ನು ಉಳಿಸಿಕೊಳ್ಳುವ ಯೋಜನೆಯ ಮಾತು ಕೊನೆಗೆ ಬರುತ್ತದೆ. ಸ್ವಂತ ಮನೆಯಿದ್ದವರೂ ಪಾರಾಗುತ್ತಾರೆಂದು ಹೇಳುವಂತಿಲ್ಲ. ಡೆಟ್ರಾಯಿಟ್‌ನಲ್ಲೇ 2010ರಿಂದ 2016ರವರೆಗೆ ಮನೆಗಳ ಮೌಲ್ಯವನ್ನು ಇರುವುದಕ್ಕಿಂತ ಹೆಚ್ಚು ಕಟ್ಟಿ, ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ವಿಧಿಸಲಾಗಿತ್ತೆಂದು ಪತ್ರಿಕೆಯೊಂದರ ತನಿಖೆ 2020ರಲ್ಲಿ ಬಯಲು ಮಾಡಿತು. ತೆರಿಗೆ ಕಟ್ಟಲಾಗದೆ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು.

ಈಗ ಆ ನಗರದ ಮುಂದೆ ಹಳೆಯ ಪ್ರಶ್ನೆಯೇ ಮತ್ತೆ ಬಂದು ನಿಂತಿದೆ. ಹೇಸ್ಟಿಂಗ್ಸ್ ಬೀದಿಯನ್ನು ನುಂಗಿದ ತಗ್ಗಿನ ಹೆದ್ದಾರಿಯನ್ನು ತೆಗೆದು, ನೆಲದ ಮಟ್ಟದಲ್ಲಿ ಬೀದಿ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ 10.46 ಕೋಟಿ ಡಾಲರ್ ಮಂಜೂರು ಮಾಡಿತು. ವೆಚ್ಚ ಏರಿತೆಂದು ರಾಜ್ಯದ ಸಾರಿಗೆ ಇಲಾಖೆ 2025ರಲ್ಲಿ ಕೆಲಸವನ್ನು ತಡೆಹಿಡಿಯಿತು. ಹೆದ್ದಾರಿ ಹೋದರೆ ನಗರದ ಮಧ್ಯಭಾಗಕ್ಕೆ ತಾಗಿದಂತೆ ಸುಮಾರು 30 ಎಕರೆ ನೆಲ ಹೊರಬರುತ್ತದೆ. ಫ್ರೆಂಚ್ ರೈತರು ಕಂಡಿದ್ದ ಅದೇ ಕರಿಮಣ್ಣಿನ ನೆಲ, ಇಂದು ಚಿನ್ನದ ಬೆಲೆಯದು. ಬ್ಲ್ಯಾಕ್ ಬಾಟಮ್‌ನಲ್ಲಿ ಹುಟ್ಟಿ ಬೆಳೆದ ಕೆಲವರು ಇನ್ನೂ ಇದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ರಸ್ತೆ ಎಷ್ಟು ಅಗಲವಿರಬೇಕು, ಸೈಕಲ್ ದಾರಿ ಯಾವ ಬದಿಗೆ ಎಂಬ ವಿವರಗಳು ಹಾಳೆಯ ಮೇಲೆ ಆಗಲೇ ಮೂಡಿವೆ. ಅವರು ಕೇಳುತ್ತಿರುವುದು ಬೇರೆ: ಆ ಮೂವತ್ತು ಎಕರೆಯ ಪತ್ರ ಯಾರ ಹೆಸರಿಗೆ ಆಗುತ್ತದೆ?